ಪಟ್ಟದಕಲ್ಲಿನ ಪ್ರವಾಸದಲ್ಲಿ ಬೆಳಕು, ಶಬ್ದ, ಉಷ್ಣಗಳ ಪಾಠ

ಪ್ರತಿವರ್ಷವೂ ಮಳೆಗಾಲ ಹಿಂದಾಗಿ ಚಳಿ ಮುಂದಡಿಯಿಡುವ ಹೊತ್ತಿಗೆ ನಮ್ಮ ಪ್ರೌಢಶಾಲೆಗಳ ಮಕ್ಕಳು ಬುತ್ತಿ ಕಟ್ಟಿಕೊಂಡು, ಬಸ್ಸುಗಳಲ್ಲಿ ಇಕ್ಕಟ್ಟಾಗಿ ಕುಳಿತು, ಬಾದಾಮಿ, ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮಗಳನ್ನು ಒಂದೆರಡು ದಿನಗಳಲ್ಲಿ ಸುತ್ತಿಬರುವುದು ವಾಡಿಕೆ. ಹಿಂದಿರುಗಿದ ಮೇಲೆ ಚರಿತ್ರೆಯ ಉಪಾಧ್ಯಾಯರು ಚಾಲುಕ್ಯರ ವಿಷಯವಾಗಿ ಪ್ರಬಂಧ ಬರೆಸುತ್ತಾರೆ. ಕನ್ನಡದ ಉಪಾಧ್ಯಾಯರು ಪ್ರವಾಸದ ಅನುಭವವನ್ನು ಪತ್ರರೂಪದಲ್ಲಿ ಬರೆಯಿರೆನ್ನುತ್ತಾರೆ. ವಿಜ್ಞಾನದ ಉಪಾಧ್ಯಾಯರೊಬ್ಬರು ಮಾತ್ರ, ಪ್ರವಾಸವೆಂಬುದು ತಮಗೆ ಸಂಬಂಧಪಟ್ಟ ಸಂಗತಿಯೇ ಅಲ್ಲವೆಂಬಂತೆ, ನಿಲ್ಲಿಸಿದ ಪುಟದಿಂದ ಮುಂದುವರಿದು, ಬೆಳಕು ಸರಳರೇಖೆಯಲ್ಲಿ ಸಾಗುತ್ತದೆ, ಶಬ್ದದ ವೇಗ ಸೆಕೆಂಡಿಗೆ ಇಷ್ಟು, ಉಷ್ಣ ಬೇರೆ ತಾಪ ಬೇರೆ ಎಂಬ ವಾಕ್ಯಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಸೂತ್ರ ಬರುತ್ತದೆ, ಲೆಕ್ಕವೂ ಬರುತ್ತದೆ, ಆದರೆ ಅದೇನೆಂಬುದು ಮಾತ್ರ ತಲೆಗೆ ಹತ್ತುವುದಿಲ್ಲವೆಂದು ಮಕ್ಕಳು ಹೇಳುವ ದೂರು ಎಲ್ಲ ಊರುಗಳಲ್ಲಿಯೂ ಒಂದೇ.

ಪ್ರಯೋಗಶಾಲೆಯ ಅಭಾವವೇ ಇದಕ್ಕೆ ಕಾರಣವೆನ್ನುವವರ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಪ್ರಖರವಾದ ಸೂರ್ಯನೂ, ಅವನ ಎದುರಿಗೇ ಕತ್ತಲು ತುಂಬಿದ ಮಂಟಪವೂ, ಲಂಬವಾಗಿ ನಿಂತ ಬಂಡೆಯೂ, ಕಾದ ಕಲ್ಲೂ, ನಿಂತ ನೀರೂ ಮಲಪ್ರಭೆಯ ಈ ಸೀಮೆಯಲ್ಲಿ ಹತ್ತಾರು ಮೈಲಿಗಳ ಒಳಗೆ ದೊರೆಯುವಾಗ, ಹಣವಿಲ್ಲವೆಂಬ ನೆಪ ಹೇಳಿ ಕೂರುವುದು ಉಚಿತವಲ್ಲ. ಮೊದಲು ಅಳೆದು, ಅಳತೆಯಿಂದ ಯೋಚಿಸಿ, ಸೂತ್ರವನ್ನು ಕಡೆಗೆ ನೋಡುವ ಕ್ರಮವನ್ನು ಹಿಡಿದು, ಈ ಪ್ರವಾಸದಲ್ಲಿ ನೀವು ನಿಮ್ಮ ಮಕ್ಕಳಿಂದ ಅಥವಾ ವಿದ್ಯಾರ್ಥಿಗಳಿಂದ ಏನೇನನ್ನು ಮಾಡಿಸಬಹುದೆಂಬುದನ್ನು ಇಲ್ಲಿ ಬರೆದಿದೆ.

ಪಟ್ಟದಕಲ್ಲಿನ ವಿಷಯವಾಗಿ ಎರಡೇ ಮಾತು. ಮಲಪ್ರಭೆಯು ಉತ್ತರಾಭಿಮುಖವಾಗಿ ತಿರುಗುವ ಎಡೆಯಲ್ಲಿ, ಕ್ರಿಸ್ತಶಕ 8ನೆಯ ಶತಮಾನದಲ್ಲಿ, ಚಾಲುಕ್ಯ ದೊರೆ ವಿಜಯಾದಿತ್ಯನು ಸಂಗಮೇಶ್ವರ ದೇವಾಲಯವನ್ನೂ, ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಕಾಂಚಿಯ ವಿಜಯದ ಸ್ಮರಣಾರ್ಥವಾಗಿ ವಿರೂಪಾಕ್ಷವನ್ನೂ, ಅವಳ ತಂಗಿ ತ್ರೈಲೋಕ್ಯಮಹಾದೇವಿಯು ಮಲ್ಲಿಕಾರ್ಜುನವನ್ನೂ ಕಟ್ಟಿಸಿದರು. 1987ರಲ್ಲಿ ಈ ದೇವಾಲಯ ಸಮೂಹವು ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು. ವಿರೂಪಾಕ್ಷದ ಶಾಸನದಲ್ಲಿ ಅನಿವಾರಿತಾಚಾರಿಯೆಂಬ ಬಿರುದಿನ ಗುಂಡನೆಂಬ ಸ್ಥಪತಿಯ ಹೆಸರಿದೆ. ಅಂತಹ ಸ್ಥಪತಿಗಳಿಗೆ ದಿಕ್ಕು ತೋರಿಸಿದ್ದು ನೆಲದಲ್ಲಿ ನೆಟ್ಟ ಶಂಕು, ಎಂದರೆ ಒಂದು ಕೋಲಿನ ನೆರಳು. ನಮ್ಮ ಕೆಲಸವೂ ಆ ಕೋಲಿನಿಂದಲೇ ನಡೆಯತಕ್ಕದ್ದು.

ಕೊಂಡೊಯ್ಯಬೇಕಾದುವು

ಒಂದು ಮೀಟರು ಉದ್ದದ ನೆಟ್ಟನೆಯ ಕೋಲು, ಕಲ್ಲು ಕಟ್ಟಿದ ದಾರ, ಬಟ್ಟೆ ಅಂಗಡಿಯ ಟೇಪಲ್ಲದೆ ಕಟ್ಟಡದವರು ಬಳಸುವ ಉದ್ದನೆಯ ಟೇಪು, ದಪ್ಪ ರಟ್ಟು, ಅಂಗೈಯಗಲದ ಕನ್ನಡಿ, ಎರಡು ಮರದ ತುಂಡುಗಳು, ಪ್ರಯೋಗಶಾಲೆಯ ಆಲ್ಕೋಹಾಲು ತಾಪಮಾಪಕ ಎರಡು, ಸೆಕೆಂಡು ತೋರಿಸುವ ಗಡಿಯಾರ ಅಥವಾ ಮೊಬೈಲು, ಟಿಪ್ಪಣಿ ಪುಸ್ತಕ. ಜ್ವರ ನೋಡುವ ತಾಪಮಾಪಕ ಬೇಡ. ಅದರ ವ್ಯಾಪ್ತಿ 35ರಿಂದ 42 ಡಿಗ್ರಿಯಷ್ಟೆ, ಕಾದ ಕಲ್ಲಿನ ಮೇಲಿಟ್ಟರೆ ಒಡೆದೀತು, ಒಳಗಿರುವುದು ಪಾದರಸವಾದರೆ ಅಪಾಯವೂ ಉಂಟು.

ಜಾಲಂಧ್ರದ ದುಂಡು ಬೆಳಕು

ವಿರೂಪಾಕ್ಷ, ಮಲ್ಲಿಕಾರ್ಜುನ ದೇವಾಲಯಗಳ ಸಭಾಮಂಟಪಗಳಿಗೆ ಬೆಳಕು ಬರುವುದು ಕಲ್ಲಿನಲ್ಲಿ ಕೊರೆದ ಜಾಲಂಧ್ರಗಳಿಂದ. ಆ ರಂಧ್ರಗಳು ನಾನಾ ಆಕಾರದವು. ಹತ್ತಿರದ ಗೋಡೆಯ ಮೇಲೆ ಬಿಸಿಲು ರಂಧ್ರದ ಆಕಾರದಲ್ಲಿಯೇ ಬೀಳುತ್ತದೆ. ರಂಧ್ರವು ಸಣ್ಣದಾಗಿದ್ದು ನೆಲವು ದೂರವಾಗಿದ್ದರೆ ಬಿಸಿಲಿನ ಮಚ್ಚೆಯು ದುಂಡಗಾಗುತ್ತದೆ. ಮಾಳಿಗೆ ಮನೆಗಳ ಬೆಳಕಿಂಡಿಯಿಂದ ನೆಲಕ್ಕೆ ಬೀಳುವ ಬಿಸಿಲನ್ನು ನೋಡುತ್ತ ಬೆಳೆದ ಹುನಗುಂದದ ಕಡೆಯ ಮಕ್ಕಳಿಗೆ ಈ ಮಚ್ಚೆಯು ಹೊಸದಲ್ಲ. ಅದೇಕೆ ದುಂಡಗಿದೆಯೆಂದು ಅವರನ್ನು ಕೇಳಿದವರು ವಿರಳ.

ಕಾರಣವಿಷ್ಟೆ. ಸೂರ್ಯಬಿಂಬದ ಪ್ರತಿಯೊಂದು ಬಿಂದುವಿನಿಂದ ಹೊರಟ ಕಿರಣವು ರಂಧ್ರದ ಮೂಲಕ ನೇರವಾಗಿ ಸಾಗಿ ಎದುರಿನ ತೆರೆಯ ಮೇಲೆ ರಂಧ್ರದಾಕಾರದ ಒಂದು ಸಣ್ಣ ಮಚ್ಚೆಯನ್ನು ಬೀಳಿಸುತ್ತದೆ. ಬಿಂಬದ ಮೇಲ್ತುದಿಯ ಕಿರಣ ಕೆಳಗೂ, ಕೆಳತುದಿಯದು ಮೇಲೂ, ಎಡದ್ದು ಬಲಕ್ಕೂ ಬೀಳುವುದರಿಂದ, ಅಸಂಖ್ಯಾತವಾದ ಈ ಮಚ್ಚೆಗಳು ಒಟ್ಟುಗೂಡಿ ಸೂರ್ಯನದೇ ಆದ ತಲೆಕೆಳಗಾದ ಬಿಂಬವಾಗುತ್ತವೆ. ಹಂಪೆಯ ವಿರೂಪಾಕ್ಷ ದೇವಾಲಯದ ಹಿಂಬದಿಯ ಕತ್ತಲು ಕೋಣೆಯಲ್ಲಿ ಪೂರ್ವದ ಗೋಪುರವು ಗೋಡೆಯ ಮೇಲೆ ತಲೆಕೆಳಗಾಗಿ ಕಾಣುವುದನ್ನು ಮಾರ್ಗದರ್ಶಕರು ವಿಸ್ಮಯವೆಂದು ತೋರಿಸುವುದೂ ಈ ನಿಯಮದ ಫಲವೇ. ಗಣಿತವೂ ಸುಲಭ: ಸೂರ್ಯನು ತನ್ನ ವ್ಯಾಸದ ಸುಮಾರು 107 ಪಟ್ಟು ದೂರದಲ್ಲಿದ್ದಾನೆ, ಆದಕಾರಣ ರಂಧ್ರದಿಂದ ತೆರೆಗಿರುವ ದೂರವನ್ನು 107ರಿಂದ ಭಾಗಿಸಿದರೆ ಬಿಂಬದ ವ್ಯಾಸ ಬರುತ್ತದೆ. ಮಕ್ಕಳು ಇದನ್ನು ಹಿಂದುಮುಂದಾಗಿ ಮಾಡಲಿ. ಬಿಂಬವನ್ನು ಅಳೆದು, ಅದರಿಂದ ಸೂರ್ಯನ ಗಾತ್ರವನ್ನು ಕಂಡುಹಿಡಿಯಲಿ.

1. ಕನ್ನಡಿಗೆ ದಪ್ಪ ಕಾಗದವನ್ನು ಅಂಟಿಸಿ, ನಡುವೆ ಒಂದು ಸೆಂಟಿಮೀಟರು ಅಗಲದ ಚೌಕಾಕಾರದ ಕಿಂಡಿಯನ್ನು ಬಿಡಿರಿ. ಜಾಲಂಧ್ರದ ರಂಧ್ರದ ಕೆಲಸವನ್ನು ಇಲ್ಲಿ ಇದೇ ಮಾಡುತ್ತದೆ.

2. ಹತ್ತು ಗಂಟೆಯ ಮೇಲೆ, ಸೂರ್ಯನು ತಕ್ಕಮಟ್ಟಿಗೆ ಮೇಲೇರಿದಾಗ, ಬಾಗಿಲಿನ ಹೊರಗೆ ಬಿಸಿಲಿನಲ್ಲಿ ನಿಂತು, ಕನ್ನಡಿಯ ಬೆಳಕನ್ನು ಮಂಟಪದೊಳಗಿನ ಕತ್ತಲು ಗೋಡೆಗೆ ಹಾಯಿಸಿರಿ. ವಿರೂಪಾಕ್ಷದಲ್ಲಿ ಈಗಲೂ ನಿತ್ಯಪೂಜೆ ನಡೆಯುವುದರಿಂದ ಅಲ್ಲಿ ಬೇಡ. ಬೇರೊಂದು ಮಂಟಪವನ್ನು ಆರಿಸಿಕೊಳ್ಳಿರಿ.

3. ತೀರ ಹತ್ತಿರದ ಗೋಡೆಯ ಮೇಲೆ ಚೌಕವು ಚೌಕವಾಗಿಯೇ ಕಾಣುತ್ತದೆ. 20 ಮೀಟರು ದೂರದಲ್ಲಿ ಅದು ದುಂಡಗಾಗಿ, ಸುಮಾರು 19–20 ಸೆಂಟಿಮೀಟರು ವ್ಯಾಸಕ್ಕೆ ಬೆಳೆದಿರುತ್ತದೆ. ಗೋಡೆಗೆ ಬಿಳಿ ಹಾಳೆಯನ್ನು ಅಂಟಿಸಬೇಡಿರಿ. ಒಬ್ಬನು ಕೈಯಲ್ಲಿ ಹಿಡಿದು ನಿಲ್ಲಲಿ.

4. ಅಳೆದ ವ್ಯಾಸದಲ್ಲಿ ಕಿಂಡಿಯ ಅಗಲವನ್ನು ಕಳೆಯಿರಿ. ಉಳಿದುದರಿಂದ ದೂರವನ್ನು ಭಾಗಿಸಿರಿ. 107ರ ಆಸುಪಾಸಿನ ಸಂಖ್ಯೆ ಬಂದರೆ, ಸೂರ್ಯನ ದೂರವಾದ 15 ಕೋಟಿ ಕಿಲೋಮೀಟರನ್ನು ಅದರಿಂದ ಭಾಗಿಸಿ ಸುಮಾರು 14 ಲಕ್ಷ ಕಿಲೋಮೀಟರೆಂಬ ಸೂರ್ಯವ್ಯಾಸವನ್ನು ಪಡೆಯಬಹುದು.

ಎಚ್ಚರಿಕೆ: ಕಿಂಡಿಯ ಮೂಲಕವಾಗಲಿ, ಕನ್ನಡಿಯಲ್ಲಾಗಲಿ ಯಾರೂ ಸೂರ್ಯನನ್ನು ನೋಡಕೂಡದು, ಕನ್ನಡಿಯ ಬೆಳಕನ್ನು ಯಾರ ಮುಖಕ್ಕೂ ಹಿಡಿಯಕೂಡದು. ಹುಡುಗರ ಗುಂಪಿನಲ್ಲಿ ಈ ಎರಡನೆಯದನ್ನು ತಡೆಯುವುದು ಮೊದಲನೆಯದಕ್ಕಿಂತ ಕಷ್ಟವೆಂಬುದು ಉಪಾಧ್ಯಾಯರಾದವರಿಗೆಲ್ಲ ಗೊತ್ತು. ಕನ್ನಡಿಯು ಉಪಾಧ್ಯಾಯರ ಕೈಯಲ್ಲಿಯೇ ಇರುವುದು ಮೇಲು.

ಕೋಲಿನ ನೆರಳು

ಪಟ್ಟದಕಲ್ಲು ಭೂಮಧ್ಯರೇಖೆಯಿಂದ ಉತ್ತರಕ್ಕೆ ಹೆಚ್ಚುಕಡಿಮೆ 16 ಡಿಗ್ರಿ ಅಕ್ಷಾಂಶದಲ್ಲಿದೆ. ಬಾದಾಮಿ, ಹುನಗುಂದ, ಇಳಕಲ್ಲುಗಳೂ ಬಹುಮಟ್ಟಿಗೆ ಅದೇ ರೇಖೆಯ ಮೇಲಿವೆ. ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯನು ನೆತ್ತಿಯ ಮೇಲಿರುತ್ತಾನೆಂಬ ಮಾತನ್ನು ನಾವೆಲ್ಲರೂ ಆಡುತ್ತೇವಾದರೂ, ಈ ಊರುಗಳಲ್ಲಿ ಅದು ವರ್ಷಕ್ಕೆ ಎರಡು ಸಲ ಮಾತ್ರ, ಮೇ 4–5ರ ಸುಮಾರಿಗೆ ಒಮ್ಮೆ, ಆಗಸ್ಟ್ 8–9ರ ಸುಮಾರಿಗೆ ಮತ್ತೊಮ್ಮೆ, ನಿಜವಾಗುತ್ತದೆ. ಆಗಲೂ ಹನ್ನೆರಡಕ್ಕಲ್ಲ, ನಮ್ಮ ಗಡಿಯಾರಗಳು ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶದ ಕಾಲವನ್ನು ತೋರಿಸುವುದರಿಂದ, ಸೂರ್ಯನು ಇಲ್ಲಿನ ಮಧ್ಯಾಹ್ನರೇಖೆಗೆ ಬರುವಾಗ ಮೇ ತಿಂಗಳಲ್ಲಿ 12 ಗಂಟೆ 23 ನಿಮಿಷವೂ, ಆಗಸ್ಟಿನಲ್ಲಿ 12 ಗಂಟೆ 32 ನಿಮಿಷವೂ ಆಗಿರುತ್ತದೆ. ಆ ಕ್ಷಣದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ.

ಉಳಿದ ದಿನಗಳಲ್ಲಿ ಒಂದು ಮೀಟರು ಕೋಲಿನ ಮಧ್ಯಾಹ್ನದ ನೆರಳು ಎಷ್ಟೆಂಬುದನ್ನು ಹೇಳುವುದು ಸುಲಭ. ಡಿಸೆಂಬರ್ 21ರ ಸುಮಾರಿಗೆ 82 ಸೆಂಟಿಮೀಟರು, ಉತ್ತರಕ್ಕೆ. ಮಾರ್ಚ್, ಸೆಪ್ಟೆಂಬರುಗಳ ವಿಷುವದ್ದಿನಗಳಲ್ಲಿ 28ರಿಂದ 29 ಸೆಂಟಿಮೀಟರು, ಅದೂ ಉತ್ತರಕ್ಕೆ. ಜೂನ್ 21ರಂದು 13 ಸೆಂಟಿಮೀಟರು, ಆದರೆ ದಕ್ಷಿಣಕ್ಕೆ. ಏಕೆಂದರೆ ಮೇ ತಿಂಗಳ ಆ ದಿನದಿಂದ ಆಗಸ್ಟಿನ ಆ ದಿನದವರೆಗೆ ಸೂರ್ಯನು ನಮ್ಮ ನೆತ್ತಿಯನ್ನು ದಾಟಿ ಉತ್ತರದ ಕಡೆಗಿರುತ್ತಾನೆ. ಮಧ್ಯಾಹ್ನದ ನೆರಳು ಯಾವಾಗಲೂ ಉತ್ತರಕ್ಕೇ ಬೀಳುತ್ತದೆಂದು ಕಲಿಸುವವರು ಈ ಮೂರು ತಿಂಗಳನ್ನು ಮರೆಯಬಾರದು.

ದಿಕ್ಕು ನೋಡುವ ಹಳೆಯ ವಿಧಾನವು ಇಂದಿಗೂ ದಿಕ್ಸೂಚಿಗಿಂತ ನಂಬಲರ್ಹವಾದುದು. ಶಾಲೆಯ ಬಯಲಿನಲ್ಲಿ ಕೋಲನ್ನು ನೆಟ್ಟು, ಅದರ ಬುಡವನ್ನು ಕೇಂದ್ರವಾಗಿಟ್ಟು ದಾರದಿಂದ ಒಂದು ವೃತ್ತವನ್ನೆಳೆಯಿರಿ. ಬೆಳಿಗ್ಗೆ ನೆರಳಿನ ತುದಿಯು ವೃತ್ತವನ್ನು ಒಳಹೊಗುವ ಬಿಂದುವನ್ನೂ, ಮಧ್ಯಾಹ್ನದ ಮೇಲೆ ಅದು ಹೊರಬೀಳುವ ಬಿಂದುವನ್ನೂ ಗುರುತಿಸಿ ಸೇರಿಸಿದರೆ ಪೂರ್ವಪಶ್ಚಿಮ ರೇಖೆ ಸಿದ್ಧ. ಬೆಳಗಿನ ನೆರಳೂ ಸಂಜೆಯ ನೆರಳೂ ಮಧ್ಯಾಹ್ನರೇಖೆಯ ಎರಡು ಪಕ್ಕಗಳಲ್ಲಿ ಸಮಸಮವಾಗಿ ಬೀಳುವುದೇ ಇದರ ಗುಟ್ಟು. ಮೋಡವೊಂದು ಮಧ್ಯೆ ಬಂದರೆ ದಿನವೆಲ್ಲ ವ್ಯರ್ಥವಾದೀತಾದ್ದರಿಂದ, ಬೇರೆ ಬೇರೆ ಅಳತೆಯ ಮೂರು ನಾಲ್ಕು ವೃತ್ತಗಳನ್ನು ಮೊದಲೇ ಎಳೆದಿಡುವುದು ಜಾಣತನ.

ಇನ್ನು ಶಿಖರದ ಎತ್ತರ. ಪಟ್ಟದಕಲ್ಲಿನ ದೇವಾಲಯಗಳು ಪೂರ್ವಾಭಿಮುಖವಾಗಿದ್ದು, ಗರ್ಭಗೃಹವೂ ಅದರ ಮೇಲಣ ಶಿಖರವೂ ಪಶ್ಚಿಮದ ತುದಿಯಲ್ಲಿರುವುದರಿಂದ, ಬೆಳಗಿನ ಹೊತ್ತು ಶಿಖರದ ನೆರಳು ಮಂಟಪದ ಮಾಳಿಗೆಯ ಮೇಲೆ ಬೀಳದೆ ಹಿಂಬದಿಯ ನೆಲಕ್ಕೆ ಬೀಳುತ್ತದೆ. ಎಂಟೂವರೆಯಿಂದ ಹತ್ತರವರೆಗಿನ ಕಾಲವೇ ಇದಕ್ಕೆ ಪ್ರಶಸ್ತ. ದ್ರಾವಿಡ ರೀತಿಯ ವಿರೂಪಾಕ್ಷಕ್ಕಿಂತ, ರೇಖಾನಾಗರ ರೀತಿಯ ಕಾಶಿವಿಶ್ವನಾಥದಂತಹ ಚಿಕ್ಕ ಗುಡಿಯಿಂದ ಮೊದಲು ಮಾಡಿದರೆ ಮಕ್ಕಳಿಗೆ ಧೈರ್ಯ ಬರುತ್ತದೆ.

1. ಶಿಖರದ ತುದಿಯ ನೆರಳು ನೆಲದ ಮೇಲೆ ಬಿದ್ದಲ್ಲಿ ಒಂದು ಹರಳನ್ನಿಡಿರಿ. ಸುಣ್ಣದ ಕಡ್ಡಿಯಿಂದ ಗೆರೆಯೆಳೆಯುವುದು ಬೇಡ. ಇದು ಪುರಾತತ್ತ್ವ ಇಲಾಖೆಯ ರಕ್ಷಿತ ಸ್ಮಾರಕ.

2. ಅದೇ ನಿಮಿಷದಲ್ಲಿ ಪಕ್ಕದ ಸಮನೆಲದ ಮೇಲೆ ಕೋಲನ್ನು ನೆಟ್ಟಗೆ ಹಿಡಿದು ಅದರ ನೆರಳನ್ನು ಅಳೆಯಿರಿ. ಕೋಲು ವಾಲಿಲ್ಲವೆಂಬುದಕ್ಕೆ ಕಲ್ಲು ಕಟ್ಟಿದ ದಾರವೇ ಸಾಕ್ಷಿ.

3. ಹರಳಿನಿಂದ ಗೋಡೆಯವರೆಗೆ ಅಳೆದು, ಅದಕ್ಕೆ ಗೋಡೆಯಿಂದ ಶಿಖರದ ನಡುಬಿಂದುವಿಗಿರುವ ದೂರವನ್ನು ಸೇರಿಸಿರಿ. ಶಿಖರದ ತುದಿಯು ಗೋಡೆಯ ಮೇಲಲ್ಲ, ಗರ್ಭಗೃಹದ ನಟ್ಟನಡುವಿನ ಮೇಲಿದೆಯಷ್ಟೆ. ಚಳಿಗಾಲದಲ್ಲಿ ನೆರಳು ವಾಯವ್ಯಕ್ಕೆ ಓರೆಯಾಗಿ ಬೀಳುವುದರಿಂದ, ಈ ಎರಡು ದೂರಗಳನ್ನೂ ಆ ಓರೆಯ ದಿಕ್ಕಿನಲ್ಲಿಯೇ ಅಳೆಯಬೇಕು.

4. ಈ ಒಟ್ಟು ಉದ್ದವನ್ನು ಕೋಲಿನ ಎತ್ತರದಿಂದ ಗುಣಿಸಿ, ಕೋಲಿನ ನೆರಳಿನಿಂದ ಭಾಗಿಸಿದರೆ ಶಿಖರದ ಎತ್ತರ.

ಶಿಖರದ ನೆರಳಿನ ಅಂಚು ಕೋಲಿನ ನೆರಳಿನಂತೆ ಚೊಕ್ಕಟವಾಗಿರುವುದಿಲ್ಲ. ಸೂರ್ಯನು ಬಿಂದುವಲ್ಲ, ಬಿಂಬ. ಹಿಂದಿನ ಪ್ರಯೋಗದ 107 ಇಲ್ಲಿಯೂ ಬಂದು ಕಾಡುತ್ತದೆ. 10 ಮೀಟರು ಎತ್ತರದ ತುದಿಯ ನೆರಳು, ಸೂರ್ಯನು 45 ಡಿಗ್ರಿ ಮೇಲಿರುವಾಗ, ಅರ್ಧ ಅಡಿಗೂ ಮೀರಿ ಮಂಕಾಗಿರುತ್ತದೆ. ಆ ಮಂಕಿನ ನಡುಭಾಗವನ್ನು ಹಿಡಿಯುವುದು ರೂಢಿ.

ಬೆಂಗಳೂರಿನಲ್ಲಿ ನಿಮಗೆ ಪರಿಚಿತವಾದ ಶಾಲೆಯೊಂದಿದ್ದರೆ ಇದಕ್ಕಿಂತ ದೊಡ್ಡ ಅಳತೆಗೆ ಕೈಹಾಕಬಹುದು. ವಿಷುವದ್ದಿನದಂದು ಅಲ್ಲಿಯವರು ಒಂದು ಮೀಟರು ಕೋಲಿನ ಅತಿ ಕಿರಿದಾದ ನೆರಳನ್ನು ಅಳೆದರೆ 23 ಸೆಂಟಿಮೀಟರು ಬರುತ್ತದೆ, ಇಲ್ಲಿ 28.6. ಈ ಎರಡು ನೆರಳುಗಳ ಕೋನಗಳಿಗಿರುವ ಅಂತರ ಸುಮಾರು 3 ಡಿಗ್ರಿ. ಎರಡು ಊರುಗಳ ಅಕ್ಷಾಂಶಗಳ ನಡುವೆ ನೇರ ಉತ್ತರ ದಕ್ಷಿಣವಾಗಿ ಸುಮಾರು 330 ಕಿಲೋಮೀಟರು. 3 ಡಿಗ್ರಿಗೆ ಇಷ್ಟಾದರೆ 360 ಡಿಗ್ರಿಗೆ 40,000 ಕಿಲೋಮೀಟರಿನ ಸಮೀಪದ ಸಂಖ್ಯೆ ಬರುತ್ತದೆ. ಅದು ಭೂಮಿಯ ಸುತ್ತಳತೆ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಎರಟೋಸ್ತನೀಸನು ಈಜಿಪ್ಟಿನ ಎರಡು ಊರುಗಳ ನೆರಳಿನಿಂದ ಮಾಡಿದ ಲೆಕ್ಕವು ಇದೇ. ರಸ್ತೆಯ ದೂರವನ್ನು ಹಾಕಿದರೆ ಮಾತ್ರ ಉತ್ತರ ಕೆಡುತ್ತದೆ, ಏಕೆಂದರೆ ರಸ್ತೆಯು ಯಾವ ಅಕ್ಷಾಂಶದ ಹಂಗಿನಲ್ಲಿಯೂ ಇಲ್ಲ.

ಹೊಂಡದ ಮೆಟ್ಟಿಲು

ಮಹಾಕೂಟದ ಪುಷ್ಕರಿಣಿ, ಬನಶಂಕರಿಯ ಹರಿದ್ರಾತೀರ್ಥ, ಬಾದಾಮಿಯ ಅಗಸ್ತ್ಯತೀರ್ಥ, ಮಲಪ್ರಭೆಯ ಮಡು: ಈ ಪ್ರವಾಸದಲ್ಲಿ ನೀರಿನ ಅಂಚಿಗೆ ಹೋಗದೆ ಬರುವ ಮಗುವಿಲ್ಲ. ನೀರಿನಿಂದ ಗಾಳಿಗೆ ಬರುವ ಕಿರಣವು ನೀರಿನ ಮೇಲ್ಮೈಯಲ್ಲಿ ಬಾಗಿ ಲಂಬದಿಂದ ದೂರ ಸರಿಯುವುದರಿಂದ, ಕಣ್ಣಿಗೆ ತಳವು ಮೇಲೆದ್ದು ಬಂದಂತೆ ಕಾಣುತ್ತದೆ. ನೀರಿನ ವಕ್ರೀಭವನಾಂಕ 1.33, ನೇರವಾಗಿ ಮೇಲಿನಿಂದ ನೋಡಿದರೂ ನಾಲ್ಕು ಅಡಿ ಆಳವು ಮೂರೇ ಅಡಿಯಂತೆ ತೋರುತ್ತದೆ, ದಡದಲ್ಲಿ ನಿಂತು ಓರೆಯಾಗಿ ನೋಡಿದರಂತೂ ಇನ್ನೂ ಕಡಿಮೆ. ಸ್ವಲ್ಪವೇ ನೀರಿದೆಯೆಂದು ಮೆಟ್ಟಿಲಿಳಿದ ಎಷ್ಟೋ ಜನ ಮುಳುಗಿಹೋಗುವುದಕ್ಕೆ ಇದೂ ಒಂದು ಕಾರಣ. ಆದುದರಿಂದ ಪ್ರಯೋಗವನ್ನು ಬಸ್ಸಿಳಿಯುವ ಮೊದಲೇ ಬೋಗುಣಿಯಲ್ಲಿ ಮಾಡಿಬಿಡಿರಿ: ತಳದಲ್ಲೊಂದು ನಾಣ್ಯವನ್ನಿಟ್ಟು, ಅದು ಅಂಚಿನ ಮರೆಗೆ ಹೋಗುವವರೆಗೆ ತಲೆಯನ್ನು ಹಿಂದೆ ಸರಿಸಿ, ತಲೆಯನ್ನಾಗಲಿ ಬೋಗುಣಿಯನ್ನಾಗಲಿ ಅಲುಗಿಸದೆ ನೀರು ಹಾಕಿಸಿದರೆ, ನಾಣ್ಯವು ಮೇಲೆದ್ದು ಕಾಣುತ್ತದೆ. ಇದನ್ನು ಕಂಡ ಮಗು ಹೊಂಡದ ಅಂಚಿನಲ್ಲಿ ತಾನಾಗಿ ಒಂದು ಮೆಟ್ಟಿಲು ಹಿಂದೆ ನಿಲ್ಲುತ್ತದೆ.

ಇಳಕಲ್ಲಿಗೆ ಹೋಗುವವರಿಗೆ ಒಂದು ಮಾತು. ಅಲ್ಲಿಯ ಕೆಂಗಲ್ಲು, ಎಂದರೆ ಗುಲಾಬಿ ಛಾಯೆಯ ಗ್ರಾನೈಟು, ಗಣಿಯಿಂದ ಬಂದಾಗ ಬೆಳಕನ್ನು ಎಲ್ಲ ದಿಕ್ಕುಗಳಿಗೂ ಚೆದರಿಸುತ್ತದೆ. ನಯಮಾಡಿದ ಮೇಲೆ ಅದೇ ಕಲ್ಲು ಮುಖ ತೋರಿಸುತ್ತದೆ. ಕಲ್ಲು ಬದಲಾಗಲಿಲ್ಲ, ಮೈಯ ಏರಿಳಿತ ಹೋಯಿತು. ಅಲ್ಲಿಯ ಸೀರೆ ಕೊಳ್ಳುವವರು ತೋಪುತೆನಿಯೆಂಬ ವಿನ್ಯಾಸದ ಸೆರಗಿನ ಕೆಂಪನ್ನು ಅಂಗಡಿಯ ದೀಪದಲ್ಲಿ ನೋಡಿ ಒಪ್ಪಬಾರದು. ಬಟ್ಟೆಗೆ ಸ್ವಂತ ಬೆಳಕಿಲ್ಲ, ತನ್ನ ಮೇಲೆ ಬಿದ್ದ ಬೆಳಕಿನಲ್ಲಿರುವ ಕೆಂಪನ್ನಷ್ಟೇ ಅದು ಹಿಂದಕ್ಕೆ ಕಳುಹಿಸಬಲ್ಲದು. ಹಳದಿಯ ಸೋಡಿಯಂ ಬೀದಿದೀಪದ ಕೆಳಗೆ ಆ ಸೆರಗು ಕಂದಾಗಿ ಕಪ್ಪಿಡುತ್ತದೆ. ಬಾಗಿಲಿನ ಬಳಿ, ಹಗಲು ಬೆಳಕಿನಲ್ಲಿ, ಒಮ್ಮೆ ಬಿಡಿಸಿ ನೋಡಿರಿ.

ಬಾದಾಮಿಯ ಬಂಡೆಯೊಡನೆ ತಾಳ

ಬಾದಾಮಿಯ ಕೆಂಪು ಮರಳುಗಲ್ಲಿನ ಬೆಟ್ಟಗಳೆರಡು ಕೆರೆಯ ಎರಡು ಮಗ್ಗುಲುಗಳಲ್ಲಿ ಗೋಡೆಗಳಂತೆ ಎದ್ದು ನಿಂತಿವೆ. ಕೂಗಿದರೆ ಮಾರ್ದನಿ ಬರುತ್ತದೆಂದು ಎಲ್ಲರಿಗೂ ಗೊತ್ತು. ಅದರಿಂದ ಶಬ್ದದ ವೇಗವನ್ನು ಅಳೆಯಬಹುದೆಂಬುದು ಯಾರಿಗೂ ಹೊಳೆಯುವುದಿಲ್ಲ. ಒಂದು ಮಾರ್ದನಿಯನ್ನು ಗಡಿಯಾರದಿಂದ ಅಳೆಯಹೋದವರು ಸೋಲುತ್ತಾರೆ. ಅರ್ಧ ಸೆಕೆಂಡನ್ನು ಕೈಯಿಂದ ಅಳೆಯುವಾಗ ಬೆರಳಿನ ತಡವೇ ಅದರ ಕಾಲುಭಾಗವನ್ನು ನುಂಗಿಬಿಡುತ್ತದೆ. ಆದ್ದರಿಂದ ಒಂದರ ಬದಲು ಇಪ್ಪತ್ತನ್ನು ಒಟ್ಟಿಗೆ ಅಳೆಯುವ ಉಪಾಯವನ್ನು ಮಾಡಬೇಕು, ಅದಕ್ಕೆ ತಾಳಜ್ಞಾನವುಳ್ಳ ಒಬ್ಬ ಹುಡುಗಿಯೋ ಹುಡುಗನೋ ಸಾಕು.

1. ಕಡಿದಾದ ಬಂಡೆಗೆ ಎದುರಾಗಿ 80–90 ಮೀಟರು ದೂರದ ತೆರೆದ ನೆಲವನ್ನು ಆರಿಸಿ, ಬಂಡೆಯವರೆಗಿನ ದೂರವನ್ನು ಟೇಪಿನಿಂದಲೋ ಮೊಬೈಲಿನ ನಕ್ಷೆಯಿಂದಲೋ ಕಂಡುಕೊಳ್ಳಿರಿ.

2. ಎರಡು ಮರದ ತುಂಡುಗಳನ್ನು ಒಮ್ಮೆ ತಟ್ಟಿರಿ. ಕೂಗಿಗಿಂತ ಇದು ಲೇಸು. ಶಬ್ದವು ಗಿಡ್ಡದಾಗಿದ್ದಷ್ಟೂ ಮಾರ್ದನಿಯು ಬಿಡಿಯಾಗಿ ಕೇಳುತ್ತದೆ.

3. ಈಗ ಸಮಗತಿಯಲ್ಲಿ ತಟ್ಟುತ್ತ ಹೋಗಿ, ಪ್ರತಿಯೊಂದು ಮಾರ್ದನಿಯೂ ಎರಡು ತಟ್ಟುಗಳ ನಟ್ಟನಡುವೆ ಬೀಳುವಂತೆ ಗತಿಯನ್ನು ಹೊಂದಿಸಿಕೊಳ್ಳಿರಿ. ಗತಿ ಕೂಡಿದೊಡನೆ ಬಂಡೆಯೇ ಎದುರು ಕುಳಿತು ತಾಳ ಹಾಕಿದಂತಾಗುತ್ತದೆ.

4. ಮತ್ತೊಬ್ಬನು ಇಪ್ಪತ್ತು ತಟ್ಟುಗಳ ಕಾಲವನ್ನು ಗಡಿಯಾರದಲ್ಲಿ ನೋಡಲಿ. ಎಣಿಕೆಯು ಮೊದಲನೆಯ ತಟ್ಟಿಗೆ ಸೊನ್ನೆಯೆಂದು ಆರಂಭವಾಗಬೇಕು. ಒಂದೆಂದು ಆರಂಭಿಸಿದರೆ ನೀವು ಅಳೆಯುವುದು ಹತ್ತೊಂಬತ್ತನ್ನೇ.

5. ಒಟ್ಟು ಕಾಲವನ್ನು ಇಪ್ಪತ್ತರಿಂದ ಭಾಗಿಸಿದರೆ ಎರಡು ತಟ್ಟುಗಳ ನಡುವಿನ ಕಾಲ. ಮಾರ್ದನಿಯು ಅದರ ಅರ್ಧದಲ್ಲಿ ಹೋಗಿ ಬಂದಿದೆ. ಹೋದ ದೂರವೂ ಬಂದ ದೂರವೂ ಸೇರಿ ಬಂಡೆಯ ದೂರದ ಎರಡು ಪಟ್ಟು. ಹಾಗಾಗಿ ಬಂಡೆಯ ದೂರವನ್ನು ನಾಲ್ಕರಿಂದ ಗುಣಿಸಿ ಈ ಕಾಲದಿಂದ ಭಾಗಿಸಿರಿ.

ಬಂಡೆಯು 87 ಮೀಟರು ದೂರವಿದ್ದು, ಇಪ್ಪತ್ತು ತಟ್ಟುಗಳಿಗೆ 20 ಸೆಕೆಂಡು ಹಿಡಿದರೆ ವೇಗವು ಸೆಕೆಂಡಿಗೆ 348 ಮೀಟರು. ಪುಸ್ತಕದಲ್ಲಿ 331 ಎಂದಿದೆಯಲ್ಲ ಎಂದು ಯಾರಾದರೂ ಕೇಳಿದರೆ ಸಂತೋಷಪಡಿರಿ. ಅದು ಸೊನ್ನೆ ಡಿಗ್ರಿಯ ಗಾಳಿಗೆ ಹೇಳಿದ್ದು. ಗಾಳಿಯ ತಾಪವು ಒಂದು ಡಿಗ್ರಿ ಏರಿದರೆ ವೇಗವು 0.6 ಮೀಟರು ಹೆಚ್ಚುತ್ತದೆ, 30 ಡಿಗ್ರಿಗೆ 349 ಆಗುತ್ತದೆ.

ಎಚ್ಚರಿಕೆ: ಬಂಡೆಯಲ್ಲಿ ಹೆಜ್ಜೇನಿನ ಹುಟ್ಟು ಕಂಡರೆ ಅಲ್ಲಿ ಸದ್ದು ಮಾಡದೆ ಬೇರೆ ಕಡೆಗೆ ಹೋಗಿರಿ. ಬಾದಾಮಿಯ ಕೋತಿಗಳು ಬುತ್ತಿಯನ್ನಷ್ಟೇ ಅಲ್ಲ, ಟೇಪನ್ನೂ ಕಿತ್ತುಕೊಳ್ಳುವುದುಂಟು. ಗುಹಾಲಯಗಳ ಒಳಗೆ ಈ ತಾಳ ಬೇಡ. ಅಲ್ಲಿ ಗೋಡೆಯು 17 ಮೀಟರಿಗಿಂತ ಹತ್ತಿರವಿರುವುದರಿಂದ ಮಾರ್ದನಿಯು ಮೂಲಧ್ವನಿಯಿಂದ ಬೇರ್ಪಡುವುದಕ್ಕೆ ಬೇಕಾದ ಸೆಕೆಂಡಿನ ಹತ್ತನೆಯ ಒಂದು ಭಾಗವೂ ಸಿಗದೆ, ಎಲ್ಲವೂ ಕಲಸಿ ಅನುರಣನವಾಗುತ್ತದೆ. ಗರ್ಭಗುಡಿಯ ಗಂಟೆಯ ನಾದವನ್ನು ಗಂಭೀರಗೊಳಿಸುವ ಈ ಅನುರಣನವೇ ಕಲ್ಲುಗೋಡೆಯ ತರಗತಿಯಲ್ಲಿ ಉಪಾಧ್ಯಾಯರ ಮಾತನ್ನು ಕೆಡಿಸುತ್ತದೆ. ಹಿಂದಿನ ಗೋಡೆಗೆ ಎರಡು ಕಂಬಳಿಗಳನ್ನು ತೂಗಹಾಕಿ ನೋಡಿರಿ, ಮಾತು ತಿಳಿಯಾಗುತ್ತದೆ.

ಬನಶಂಕರಿಯ ಜಾತ್ರೆಯು ಪುಷ್ಯಮಾಸದಲ್ಲಿ, ಚಳಿಯ ದಿನಗಳಲ್ಲಿ ಬರುವುದು. ಅಲ್ಲಿ ರಾತ್ರಿ ಆಡುವ ನಾಟಕ ಕಂಪನಿಗಳ ಹಾಡು ಹಗಲಿಗಿಂತ ಎಷ್ಟೋ ದೂರ ಕೇಳಿಸುವುದಕ್ಕೆ ಊರಿನ ನಿಶ್ಶಬ್ದವೊಂದೇ ಕಾರಣವಲ್ಲ. ಹಗಲು ನೆಲದ ಗಾಳಿ ಬಿಸಿ, ಮೇಲಿನದು ತಂಪು. ಶಬ್ದದ ಅಲೆಯು ಬಿಸಿಯಲ್ಲಿ ವೇಗವಾಗಿಯೂ ತಂಪಿನಲ್ಲಿ ನಿಧಾನವಾಗಿಯೂ ಸಾಗುವುದರಿಂದ ಆಕಾಶದ ಕಡೆಗೆ ಬಾಗಿ ಹೋಗುತ್ತದೆ. ಮೋಡವಿಲ್ಲದ ಚಳಿರಾತ್ರಿಯಲ್ಲಿ ನೆಲವು ತನ್ನ ಉಷ್ಣವನ್ನು ಆಕಾಶಕ್ಕೆ ಬಿಟ್ಟು ಬೇಗನೆ ತಣಿದು, ಕ್ರಮವು ತಲೆಕೆಳಗಾಗಿ, ಅಲೆಯು ನೆಲದ ಕಡೆಗೆ ಬಾಗುತ್ತದೆ.

ಕಾದ ಕಲ್ಲು, ತಣ್ಣನೆಯ ಹರವಿ

ಬರಿಗಾಲಿನಲ್ಲಿ ನಡೆದವರಿಗೆ ಉಷ್ಣಶಾಸ್ತ್ರದ ಅರ್ಧ ಪಾಠವಾಗಿರುತ್ತದೆ. ಬೆಳಿಗ್ಗೆ ನೆರಳಿನಲ್ಲಿರುವ ಕಲ್ಲಿನ ಹೊಸ್ತಿಲನ್ನೂ ಮರದ ಬೆಂಚನ್ನೂ ಮುಟ್ಟಿಸಿ, ಯಾವುದು ತಣ್ಣಗಿದೆಯೆಂದು ಕೇಳಿರಿ, ಎಲ್ಲರೂ ಕಲ್ಲೆನ್ನುತ್ತಾರೆ. ಆಮೇಲೆ ತಾಪಮಾಪಕವನ್ನು ಎರಡಕ್ಕೂ ಒತ್ತಿ, ಮೇಲೊಂದು ಬಟ್ಟೆಯನ್ನು ಮಡಿಸಿಟ್ಟು, ಐದು ನಿಮಿಷ ಕಾಯಿರಿ. ಎರಡರ ತಾಪವೂ ಬಹುಮಟ್ಟಿಗೆ ಒಂದೇ. ಕಲ್ಲು ಮರಕ್ಕಿಂತ ಒಳ್ಳೆಯ ಉಷ್ಣವಾಹಕವಾದುದರಿಂದ ಅಂಗೈಯ ಉಷ್ಣವನ್ನು ಬೇಗ ಬೇಗ ಒಯ್ಯುತ್ತದೆ. ಚರ್ಮವು ಅರಿಯುವುದು ತಾಪವನ್ನಲ್ಲ, ಉಷ್ಣವು ಹೋಗುವ ವೇಗವನ್ನು. ಉಷ್ಣ ಬೇರೆ ತಾಪ ಬೇರೆಯೆಂಬ ವಾಕ್ಯಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವಿಲ್ಲ.

ಮಧ್ಯಾಹ್ನ ಎರಡರ ಸುಮಾರಿಗೆ ಅಂಗಳದ ಹಾಸುಗಲ್ಲು, ಪಕ್ಕದ ಹುಲ್ಲು, ನದಿಯ ನೀರು, ಗರ್ಭಗೃಹದ ಒಳನೆಲ ಈ ನಾಲ್ಕರ ತಾಪಗಳನ್ನು ಬರೆದುಕೊಳ್ಳಿರಿ. ಒಂದು ಕಿಲೋಗ್ರಾಮು ನೀರನ್ನು ಒಂದು ಡಿಗ್ರಿ ಏರಿಸುವುದಕ್ಕೆ ಬೇಕಾದ ಉಷ್ಣವು ಅಷ್ಟೇ ತೂಕದ ಮರಳುಗಲ್ಲಿಗೆ ಬೇಕಾದುದರ ನಾಲ್ಕು ಪಟ್ಟಿಗೂ ಹೆಚ್ಚು. ಹುಲ್ಲು ತನ್ನ ಎಲೆಗಳಿಂದ ನೀರನ್ನು ಆವಿಯಾಗಿ ಬಿಟ್ಟು ತಂಪಾಗಿರುತ್ತದೆ. ಒಳನೆಲದ ತಂಪಿಗೆ ಗೋಡೆಯ ದಪ್ಪವೇ ಕಾರಣ. ಮರಳುಗಲ್ಲಿನಲ್ಲಿ ದಿನದ ಬಿಸಿಯ ಏರಿಳಿತವು ಪ್ರತಿ 16–17 ಸೆಂಟಿಮೀಟರಿಗೆ ಮೂರನೆಯ ಒಂದು ಭಾಗದಷ್ಟಕ್ಕೆ ಇಳಿಯುತ್ತ ಹೋಗುವುದರಿಂದ, ಅರ್ಧ ಮೀಟರು ದಪ್ಪದ ಗೋಡೆಯನ್ನು ದಾಟುವಷ್ಟರಲ್ಲಿ ಅದು ಹೆಸರಿಗಷ್ಟೇ ಉಳಿಯುತ್ತದೆ. ಉಳಿದುದೂ ಒಳಗೆ ತಲುಪುವುದು ಹತ್ತು ಹನ್ನೆರಡು ಗಂಟೆಗಳ ತರುವಾಯ, ಹೊರಗೆ ರಾತ್ರಿಯಾದ ಮೇಲೆ. ಹಳೆಯ ದಪ್ಪಗೋಡೆಯ ಮನೆಗಳಲ್ಲಿ ಹಗಲು ಕಿಟಕಿಗಳನ್ನು ಮುಚ್ಚಿ ರಾತ್ರಿ ತೆರೆದಿಡುತ್ತಿದ್ದುದರ ಅರ್ಥವು ಇದೇ. ತೆಳ್ಳನೆಯ ಸಿಮೆಂಟು ಗೋಡೆಯ ಮನೆಯಲ್ಲಿ ಆ ಪದ್ಧತಿಯಿಂದ ಅಷ್ಟು ಪ್ರಯೋಜನವಿಲ್ಲ.

ಹರವಿಯ, ಎಂದರೆ ಮಣ್ಣಿನ ಕೊಡದ, ನೀರಿನ ಲೆಕ್ಕವನ್ನು ಮನೆಯಲ್ಲಿಯೇ ಮಾಡಬಹುದು. ಒಂದು ಗ್ರಾಮು ನೀರು ಆವಿಯಾಗುವಾಗ ಸುಮಾರು 2,400 ಜೂಲು ಉಷ್ಣವನ್ನು ಎಳೆದುಕೊಳ್ಳುತ್ತದೆ. ಹತ್ತು ಲೀಟರಿನ ಹರವಿಯ ಮೈಯಿಂದ ನೂರು ಗ್ರಾಮು ನೀರು ಜಿನುಗಿ ಆರಿದರೆ, ಹೊರಗಿನಿಂದ ಉಷ್ಣವು ಬಾರದಿದ್ದಲ್ಲಿ, ಒಳಗಿನ ನೀರು 5.7 ಡಿಗ್ರಿಯಷ್ಟು ತಣಿಯಬೇಕು. ಒಂದು ಹರವಿಯನ್ನೂ ಒಂದು ಸ್ಟೀಲಿನ ಕೊಡವನ್ನೂ ಅಷ್ಟಷ್ಟೇ ನೀರು ತುಂಬಿ, ಗಾಳಿಯಾಡುವ ನೆರಳಿನಲ್ಲಿ ಅಕ್ಕಪಕ್ಕದಲ್ಲಿಟ್ಟು, ಅರ್ಧ ಗಂಟೆಗೊಮ್ಮೆ ಎರಡರ ತಾಪವನ್ನೂ ಬರೆಯಿರಿ. ಹರವಿಯನ್ನು ಮುಚ್ಚಿದ ಕೋಣೆಯ ಮೂಲೆಯಲ್ಲಿಡುವುದು, ಮೈಗೆ ಬಣ್ಣ ಬಳಿಯುವುದು, ಪ್ಲಾಸ್ಟಿಕ್ಕನ್ನು ಸುತ್ತುವುದು ಇವೆಲ್ಲ ನೀರು ಆವಿಯಾಗುವುದನ್ನು ತಡೆಯುವ ಕೆಲಸಗಳೇ. ಬೋರಿನ ಗಡಸು ನೀರು ತುಂಬುವ ಮನೆಗಳಲ್ಲಿ ಉಪ್ಪು ಕಟ್ಟಿಕೊಂಡು ಹರವಿ ಮುದಿಯಾಗುತ್ತದೆ. ನಾರಿನಿಂದ ತಿಕ್ಕಿ ತೊಳೆದರೆ ಕೆಲವು ದಿನ ನಡೆದೀತು. ಶ್ರಾವಣದ ತೇವದ ಗಾಳಿಯಲ್ಲಿ ಹರವಿ ತಣಿಸದಿದ್ದರೆ ಕುಂಬಾರನನ್ನು ದೂರಬೇಡಿರಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ತಾಪಮಾಪಕವನ್ನು ಬಿಸಿಲಿನಲ್ಲಿ ಹಿಡಿದು ಗಾಳಿಯ ತಾಪ ಇಷ್ಟೆನ್ನುವುದು ಮೊದಲನೆಯದು. ಬಿಸಿಲಿನಲ್ಲಿ ಅದು ತೋರಿಸುವುದು ತಾನೇ ಕಾದ ಬಿಸಿಯನ್ನು. ಗಾಳಿಯ ತಾಪಕ್ಕೆ ನೆರಳೂ ಗಾಳಿಯೂ ಎರಡೂ ಬೇಕು. ಶಿಖರದ ನೆರಳನ್ನು ಈಗ ಅಳೆದು, ಕೋಲಿನ ನೆರಳನ್ನು ಬುತ್ತಿ ಉಂಡ ಮೇಲೆ ಅಳೆಯುವುದು ಎರಡನೆಯದು. ಅಷ್ಟರಲ್ಲಿ ಸೂರ್ಯನು ಗಂಟೆಗೆ 15 ಡಿಗ್ರಿಯಂತೆ ಸರಿದಿರುತ್ತಾನೆ. ಒಂದೇ ಸಲ ಅಳೆದು ಮುಂದಕ್ಕೆ ಹೋಗುವುದು ಮೂರನೆಯದು. ಮೂವರು ಬೇರೆ ಬೇರೆ ಅಳೆದು, ಒಬ್ಬರದನ್ನೊಬ್ಬರು ನೋಡದೆ ಬರೆದು, ಕಡೆಗೆ ಸರಾಸರಿ ತೆಗೆಯಲಿ.

ಎಲ್ಲಕ್ಕಿಂತ ಹೆಚ್ಚಾಗಿ ನಡೆಯುವುದು ಮತ್ತೊಂದು. 348 ಬಂದುದನ್ನು ಕಂಡು, ಪುಸ್ತಕದಲ್ಲಿ ಬೇರೆ ಇದೆಯಲ್ಲ ಎಂದು ಹೆದರಿ, ರಬ್ಬರಿನಿಂದ ಅಳಿಸಿ 331 ಎಂದು ತಿದ್ದುವ ಮಗುವಿಗೆ ಪೂರ್ಣಾಂಕ ಕೊಡುವ ಉಪಾಧ್ಯಾಯರೂ ಇದ್ದಾರೆ. ಪ್ರವಾಸದ ಟಿಪ್ಪಣಿಯನ್ನು ಪೆನ್ನಿನಲ್ಲಿ ಬರೆಸಿರಿ; ಪ್ರತಿಯೊಂದು ಅಳತೆಯ ಪಕ್ಕದಲ್ಲಿ ಸ್ಥಳ, ತಾರೀಖು, ಗಂಟೆ, ಗಾಳಿಯ ತಾಪ ಈ ನಾಲ್ಕೂ ಇರಲಿ. ಇವುಗಳಲ್ಲಿ ಒಂದನ್ನು ಬರೆಯದೆ ಊರಿಗೆ ಬಂದರೆ, ಆ ಅಳತೆಯನ್ನು ಮುಂದಿನ ವರ್ಷದ ಬಸ್ಸಿನಲ್ಲಿ ಹೋಗಿಯೇ ಸರಿಪಡಿಸಬೇಕಾದೀತು.